ಗೋಡೆ ಮುಟ್ಟದ ಸರಳು

ನನ್ನ ತಂಗಿಯ ಮಗಳು ಎಂಜಿನಿಯರಿಂಗಿನ ಒಂದು ಪತ್ರಿಕೆಯಲ್ಲಿ ನಪಾಸಾದದ್ದು ನಾನು ಹೇಳಿಕೊಟ್ಟ ತಪ್ಪು ಪಾಠದಿಂದ ಎಂದು ನಮ್ಮ ಬಂಧುವರ್ಗ ತೀರ್ಮಾನಿಸಿತು. ನಾನು ಹೇಳಿಕೊಟ್ಟದ್ದು ಸರಿಯಾಗಿತ್ತು. ಆದರೂ ನನ್ನನ್ನು ಒಂದು ಮಾತೂ ಕೇಳದೆ, ನನ್ನದೇ ಮನೆಯ ನಡುಮನೆಯಲ್ಲಿ, ನನ್ನ ಹೆಂಡತಿ ಮಾಡಿದ ಬಿಸಿಬೇಳೆಭಾತನ್ನು ಎರಡನೆಯ ಸಲ ಬಡಿಸಿಕೊಳ್ಳುತ್ತ ಈ ತೀರ್ಪು ಕೊಡಲಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ನನಗೆ ‘ಗೋಡೆ ಮಾಮಾ’ ಎಂದು ಹೆಸರಿಟ್ಟರು. ಮದುವೆ, ಮುಂಜಿ, ನಾಮಕರಣಗಳಲ್ಲಿ ಆ ಹೆಸರು ನನಗಿಂತ ಮೊದಲೇ ಹೋಗಿ ಕುರ್ಚಿ ಹಿಡಿದು ಕೂತಿರುತ್ತಿತ್ತು.

ಆ ದಿನ ಯಾರು ಎಲ್ಲಿ ಕೂತಿದ್ದರು, ಯಾರು ಮೊದಲು ನಕ್ಕರು, ಯಾರು ನಗು ತಡೆದವರಂತೆ ನಟಿಸಿ ಲೋಟದೊಳಕ್ಕೆ ನಕ್ಕರು ಎಂಬುದೆಲ್ಲ ನನಗೆ ನೆನಪಿದೆ. ಹೆಸರು ಹೇಳುವುದಿಲ್ಲ. ಓದುವಾಗ ಅವರವರಿಗೆ ಅವರವರ ಜಾಗ ತಿಳಿಯುತ್ತದೆ.

ನಾನು ಚೆನ್ನೈಯ ಪೆರಂಬೂರಿನವನು. ಪೆರಂಬೂರಿನಲ್ಲಿ ನೆಲೆಸಿದ ಅನೇಕ ಕನ್ನಡಿಗರಂತೆ ರೈಲಿನ ಅನ್ನ ತಿಂದವನು. ಅಲ್ಲಿಯ ರೈಲು ಡಬ್ಬಿ ಕಾರ್ಖಾನೆಯ ವಿನ್ಯಾಸದ ವಿಭಾಗದಲ್ಲಿ ಕೂತು, ರೈಲು ಡಬ್ಬಿಯ ಯಾವ ಭಾಗ ಎಷ್ಟು ಭಾರಕ್ಕೆ ಎಷ್ಟು ಹಿಗ್ಗುತ್ತದೆ, ಎಷ್ಟು ಕುಗ್ಗುತ್ತದೆ ಎಂದು ಲೆಕ್ಕ ಹಾಕುವುದೇ ನನ್ನ ಕೆಲಸವಾಗಿತ್ತು. ಮೊದಲು ಸ್ಲೈಡ್ ರೂಲಿನಲ್ಲಿ, ಕೊನೆಯ ವರ್ಷಗಳಲ್ಲಿ ಕಂಪ್ಯೂಟರಿನಲ್ಲಿ. ತೊಂಬತ್ತರ ದಶಕದ ಕೊನೆಗೆ ನಿವೃತ್ತನಾದಾಗ, ನನಗೆ ಚೆನ್ನಾಗಿ ಬರುತ್ತಿದ್ದುದು ಇದೊಂದೇ ವಿದ್ಯೆ. ಇದರಲ್ಲಿ ತಪ್ಪಿದವನೆಂಬ ಮಾತು ನನಗೆ ಏಕೆ ನಾಟಿತು ಎಂದು ಇದಕ್ಕಿಂತ ಬಿಡಿಸಿ ಹೇಳಲಾರೆ.

ತಂಗಿಯ ಮನೆ ರಾಯಪುರಂನಲ್ಲಿ. ಅವಳ ಗಂಡ ವಿಮಾ ಕಚೇರಿಯಲ್ಲಿ ಅಧಿಕಾರಿ, ಹಾಸ್ಯಪ್ರಿಯ. ಅವರ ಹಾಸ್ಯದಲ್ಲಿ ಬಹುಪಾಲು ನನ್ನ ಬಗ್ಗೆಯೇ ಇರುತ್ತಿತ್ತು. ಮಗಳು ಮೆಕ್ಯಾನಿಕಲ್ ಓದುತ್ತಿದ್ದಳು. ನಗರದ ಅಂಚಿನಲ್ಲಿ ಹೊಸ ಹೊಸ ಎಂಜಿನಿಯರಿಂಗ್ ಕಾಲೇಜುಗಳು ಏಳುತ್ತಿದ್ದ ಕಾಲ ಅದು. ಅವಳ ಕಾಲೇಜಿನಲ್ಲಿ ಫೈನೈಟ್ ಎಲಿಮೆಂಟ್ ಪಾಠ ಹೇಳಬೇಕಾದ ಅಧ್ಯಾಪಕರು ವರ್ಷದ ನಡುವೆ ಬೇರೆ ಕಾಲೇಜಿಗೆ ಹೋದರು. ಆಗ ತಂಗಿಯ ಗಂಡ ಫೋನು ಮಾಡಿ, “ಭಾವ, ನೀವು ಸುಮ್ನೆ ಮನೇಲಿ ಕೂತ್ಕೊಂಡು ಅಕ್ಕನ ತಲೆ ತಿನ್ನೋ ಬದ್ಲು ಇವಳ ತಲೆ ತಿನ್ನಬಾರದಾ?” ಎಂದರು. ಇದು ಅವರು ನನ್ನನ್ನು ಪಾಠಕ್ಕೆ ಆಹ್ವಾನಿಸಿದ ರೀತಿ. ನಾನು ಒಪ್ಪಿದೆ.

ಹುಡುಗಿ ಸಂಜೆ ಬಸ್ಸಿನಲ್ಲಿ ಬರುತ್ತಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಬಹುಪಾಲು ತಮಿಳಿನಲ್ಲಿ ಬರುತ್ತಿತ್ತು. ತಡವಾಗಿ ಬಂದ ದಿನ, “ಕಾಸಿಮೇಡು ಕಿಟ್ಟ ಒರೇ ಟ್ರಾಫಿಕ್ ಮಾಮಾ” ಎನ್ನುವಳು, ಕಾಸಿಮೇಡಿನ ಹತ್ತಿರ ಬರೀ ಟ್ರಾಫಿಕ್ಕು ಎಂದು. ಬೇಗ ಹೋಗಬೇಕಾದ ದಿನವೂ ಕಾಸಿಮೇಡಿನ ಟ್ರಾಫಿಕ್ಕನ್ನೇ ಮುಂದಿಡುವಳು.

ನಾನು ಪಾಠವನ್ನು ಒಂದು ಕಬ್ಬಿಣದ ಸರಳಿನಿಂದ ಆರಂಭಿಸಿದೆ. ಅಡ್ಡಡ್ಡ ಬಾಗುವುದಿಲ್ಲ, ತಿರುಚುವುದಿಲ್ಲ; ಅದರ ಉದ್ದಕ್ಕೆ ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ, ಕೈ ಬಿಟ್ಟರೆ ಮೊದಲಿನಂತಾಗುತ್ತದೆ. ಇಷ್ಟು ಸಾಧು ಸ್ವಭಾವದ ವಸ್ತು ನಮ್ಮ ಬಂಧುವರ್ಗದಲ್ಲಿ ಸಿಕ್ಕುವುದು ಕಷ್ಟ. ಈ ಸರಳನ್ನು ಮನಸ್ಸಿನಲ್ಲಿಯೇ ತುಂಡುಮಾಡಬೇಕು. ಒಂದೊಂದು ತುಂಡೂ ಒಂದು ಎಲಿಮೆಂಟ್, ತುಂಡುಗಳು ಸೇರುವ ಜಾಗ ನೋಡ್. ಪ್ರತಿ ತುಂಡನ್ನೂ ಒಂದು ಸ್ಪ್ರಿಂಗ್ ಎಂದು ತಿಳಿದು, ಅದರ ಬಿಗುವನ್ನು ಒಂದು ಪುಟ್ಟ ಮ್ಯಾಟ್ರಿಕ್ಸಿನಲ್ಲಿ ಬರೆದು, ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ಮ್ಯಾಟ್ರಿಕ್ಸ್ ಮಾಡಬೇಕು. ಆಮೇಲೆ ಪ್ರತಿಯೊಂದು ನೋಡ್ ಎಷ್ಟು ಸರಿಯುತ್ತದೆ ಎಂದು ಕೇಳಬೇಕು. ಆದರೆ ಅದಕ್ಕೆ ಮೊದಲು ಸರಳನ್ನು ಎಲ್ಲಿಯಾದರೂ ಗೋಡೆಗೆ ಕಟ್ಟಿರಬೇಕು. ಕಟ್ಟದಿದ್ದರೆ ಲೆಕ್ಕಕ್ಕೆ ಉತ್ತರವೇ ಇಲ್ಲ. ತಳ್ಳಿದ ಸರಳು ತಳ್ಳಿದತ್ತ ಹೋಗುತ್ತಲೇ ಇರುತ್ತದೆ, ಮ್ಯಾಟ್ರಿಕ್ಸ್ ಕೈ ಚೆಲ್ಲುತ್ತದೆ. “ಗೋಡೆ ಎಲ್ಲಿ? ಮೊದಲು ಗೋಡೆ ಹೇಳು” ಎಂದು ನಾನು ದಿನವೂ ಕೇಳುತ್ತಿದ್ದೆ. ನನ್ನ ಅಡ್ಡಹೆಸರಿನ ಬೀಜ ಬಿದ್ದದ್ದು ಅಲ್ಲಿ.

ಕೊನೆಗೆ ಸಂದಿನ ಲೆಕ್ಕಕ್ಕೆ ಬಂದೆವು. ಪರೀಕ್ಷೆಗಳಲ್ಲಿ ಇದು ತಪ್ಪದೆ ಬರುತ್ತಿದ್ದ ಲೆಕ್ಕ. ಸರಳಿನ ಎಡತುದಿ ಗೋಡೆಯೊಳಗೆ ಭದ್ರವಾಗಿದೆ. ಬಲತುದಿಯ ಎದುರು ಇನ್ನೊಂದು ಗೋಡೆಯಿದೆ, ಆದರೆ ನಡುವೆ ಕೂದಲೆಳೆಯಂಥ ಸಂದು ಬಿಟ್ಟಿದೆ. ಸರಳಿನ ನಡುವನ್ನು ಹಿಡಿದು ಬಲಕ್ಕೆ ಎಳೆಯುತ್ತಾರೆ. ಏನಾಗುತ್ತದೆ?

ಇದನ್ನು ತೋರಿಸಲು ನಾನು ಹಳೆಯ ಸೈಕಲ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ, ಊಟದ ಮೇಜಿನ ಒಂದು ಅಂಚಿಗೆ ಮೊಳೆ ಹೊಡೆದು ಸಿಕ್ಕಿಸಿದೆ. ಎರಡನೆಯ ಗೋಡೆಯಾಗಿ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಇಟ್ಟೆ.

“ಮೊದಲು ಈ ಜಾಡಿ ಇಲ್ಲವೇ ಇಲ್ಲ ಎಂದುಕೋ. ತುದಿ ಎಲ್ಲಿಯ ತನಕ ಬರುತ್ತದೆ, ಲೆಕ್ಕ ಹಾಕು. ಸಂದಿಗಿಂತ ಕಡಿಮೆ ಬಂದರೆ ಜಾಡಿಗೂ ಪಟ್ಟಿಗೂ ಸಂಬಂಧವಿಲ್ಲ, ಲೆಕ್ಕ ಅಲ್ಲಿಗೇ ಮುಗಿಯಿತು. ಹೆಚ್ಚು ಬಂದರೆ ಮಾತ್ರ ಮುಟ್ಟಿತೆಂದು ಎರಡನೆಯ ಸಲ ಲೆಕ್ಕ ಮಾಡಬೇಕು.”

“ಅದಾನ್ ಸುವರು ಇರುಕ್ಕೇ ಮಾಮಾ, ಅಪ್ಪುರಂ ಎನ್ನ?” ಎಂದಳು. ಗೋಡೆ ಇದೆಯಲ್ಲ, ಮತ್ತೇನು ಎಂಬ ಅರ್ಥ.

“ಗೋಡೆ ಇದ್ದರೆ ಮುಟ್ಟಲೇಬೇಕೇನು? ನಿಮ್ಮ ಎದುರುಮನೆಯವರಿಗೂ ಗೋಡೆ ಇದೆ. ದಿನಾ ಹೋಗಿ ಗುದ್ದಿಕೊಂಡು ಬರುತ್ತೀಯಾ?”

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ, “ಏನ್ರೀ, ಆ ಗೋಡೆ ಇತ್ಲಾಗೆ ಕೊಡಿ, ಮೊಸರನ್ನ ಕಲಸಿದೀನಿ” ಎಂದು ಬಂದು ಜಾಡಿಯನ್ನು ಎತ್ತಿಕೊಂಡು ಹೋದಳು. ಹುಡುಗಿ ನಗುವುದು ನಿಲ್ಲಿಸಲಿಲ್ಲ. ಆದರೆ ವಿಷಯ ಅವಳ ತಲೆಗೆ ಹತ್ತಿತು. ಆ ವಾರವೆಲ್ಲ ನಾನು ಕೊಟ್ಟ ಲೆಕ್ಕಗಳಲ್ಲಿ ಮೊದಲು ಮುಟ್ಟುತ್ತದೆಯೇ ಎಂದು ನೋಡಿಯೇ ಮುಂದಕ್ಕೆ ಹೋದಳು. ಪಾಠ ಸರಿಯಾಗಿತ್ತು ಎನ್ನುವುದಕ್ಕೆ ಇನ್ನೇನು ಬೇಕು?

ಪರೀಕ್ಷೆ ಬಂತು, ಫಲಿತಾಂಶವೂ ಬಂತು. ಎಲ್ಲ ಪತ್ರಿಕೆಗಳಲ್ಲಿ ಪಾಸು. ಫೈನೈಟ್ ಎಲಿಮೆಂಟಿನಲ್ಲಿ ‘ಅರಿಯರ್’. ಚೆನ್ನೈಯ ಕಾಲೇಜು ಮಕ್ಕಳು ಉಳಿಸಿಕೊಂಡ ಪತ್ರಿಕೆಗೆ ಹೇಳುವ ಮಾತದು. ಮರುವಾರ ನಮ್ಮ ಮನೆಯಲ್ಲಿ ಒಂದು ಪೂಜೆಯಿತ್ತು, ಎಲ್ಲರೂ ಸೇರಿದ್ದರು. ಅಲ್ಲಿಯೇ ಮೇಲೆ ಹೇಳಿದ ಬಿಸಿಬೇಳೆಭಾತಿನ ತೀರ್ಪು.

“ಉಳಿದ ಪೇಪರೆಲ್ಲ ಅವಳೇ ಓದಿದ್ದು, ಪಾಸು. ಭಾವ ಹೇಳಿಕೊಟ್ಟಿದ್ದು ಒಂದೇ ಪೇಪರು, ಅದೊಂದೇ ಡುಮ್ಕಿ” ಎಂದರು ತಂಗಿಯ ಗಂಡ. “ರೈಲು ಡಬ್ಬಿಗಳೆಲ್ಲ ಹೇಗೆ ನಿಂತಿವೆಯೋ, ಆ ಪೆರುಮಾಳೇ ಕಾಪಾಡಬೇಕು.”

“ದಿನಾ ಗೋಡೆ, ಗೋಡೆ ಅಂತಲೇ ಪಾಠವಂತೆ” ಎಂದಳು ನನ್ನ ಒಡಹುಟ್ಟಿದ ತಂಗಿ.

“ಹಾಗಾದ್ರೆ ಗೋಡೆ ಮಾಮಾ ಅನ್ನಿ!” ಎಂದು ಅಲ್ಲಿದ್ದ ಇನ್ನೊಬ್ಬರು ಕೂಗಿದರು. ಅವರಿಗೆ ಸರಳು ಗೊತ್ತಿರಲಿಲ್ಲ, ಸಂದು ಗೊತ್ತಿರಲಿಲ್ಲ. ಹೆಸರಿಡಲು ಅದೇನೂ ಅಡ್ಡಿಯಾಗಲಿಲ್ಲ. ನನ್ನ ಹೆಂಡತಿಯೂ ನಕ್ಕಳು. ಆಮೇಲೆ ಕೇಳಿದಾಗ, ಒಲೆಯ ಹೊಗೆಗೆ ಕೆಮ್ಮು ಬಂತು ಎಂದಳು. ನಮ್ಮ ಮನೆಯಲ್ಲಿದ್ದುದು ಗ್ಯಾಸಿನ ಒಲೆ.

ಹುಡುಗಿ ಮಾತ್ರ ನಗಲಿಲ್ಲ. ಎರಡು ದಿನ ಬಿಟ್ಟು ಒಬ್ಬಳೇ ಬಂದಳು. ನಾನು ಬಯ್ಯಲಿಲ್ಲ. “ಆ ಲೆಕ್ಕ ಬಂದಿತ್ತೇ?” ಎಂದೆ. ಬಂದಿತ್ತು ಎಂದಳು. ಪ್ರಶ್ನೆಪತ್ರಿಕೆ ತೆಗೆದಳು. ಸಂದು ಒಂದೂಕಾಲು ಮಿಲಿಮೀಟರ್. ನಾನು ಗೋಡೆ ಇಲ್ಲವೆಂದುಕೊಂಡು ಲೆಕ್ಕ ಹಾಕಿದೆ. ತುದಿ ಒಂದು ಮಿಲಿಮೀಟರನ್ನೂ ದಾಟಲಿಲ್ಲ. ಸರಳು ಗೋಡೆಯನ್ನು ಮುಟ್ಟುವುದೇ ಇಲ್ಲ! ಪ್ರಶ್ನೆ ತೆಗೆದ ಪುಣ್ಯಾತ್ಮರು ಯಾರೋ, ನನಗೆ ಅವರ ಮೇಲೆ ಗೌರವ ಹುಟ್ಟಿತು.

“ನೀನು ಏನು ಬರೆದೆ?”

“ಮೊದಲು ನೀವು ಹೇಳಿದ ಹಾಗೇ ಮಾಡಿದೆ ಮಾಮಾ. ಮುಟ್ಟಲ್ಲ ಅಂತಲೇ ಬಂತು. ಆಮೇಲೆ ಅಡಿಚ್ಚಿಟ್ಟೇನ್.” ಹೊಡೆದುಹಾಕಿದೆ ಎಂದು.

“ಏಕೆ?”

ಅವಳು ಪ್ರಶ್ನೆಪತ್ರಿಕೆಯನ್ನು ಮಡಚತೊಡಗಿದಳು. ಮುಟ್ಟಿತೆಂದು ಬರೆದ ಲೆಕ್ಕವನ್ನು ನನ್ನೆದುರಿಗೆ ಮತ್ತೆ ಮಾಡು ಎಂದೆ. ಮಾಡಿದಳು. ಬಲಗೋಡೆ ಸರಳಿನ ಮೇಲೆ ಹಾಕುವ ಬಲದ ಉತ್ತರ ಬಂತು. ಒತ್ತುವ ಗೋಡೆಯಾದರೆ ಆ ಬಲ ಎಡಕ್ಕಿರಬೇಕು. ಇದು ಬಲಕ್ಕಿತ್ತು.

“ಈಗ ಗೋಡೆ ಏನು ಮಾಡುತ್ತಿದೆ?”

ಅವಳು ನೋಡಿದಳು, ಮತ್ತೊಮ್ಮೆ ನೋಡಿದಳು. “ಅಯ್ಯಯ್ಯೋ, ಇಳುಕ್ಕಿದು ಮಾಮಾ! ಗೋಡೆ ಎಳೀತಿದೆ!”

“ಹೌದು. ಸಂದಿನ ಆಚೆ ನಿಂತ ಗೋಡೆ ಕೈ ಚಾಚಿ, ಬಾ ಬಾ, ಇನ್ನೊಂದು ಹೋಳಿಗೆ ಹಾಕಿಸಿಕೋ ಎಂದು ಸರಳನ್ನು ಎಳೆದು ಕೂರಿಸಿಕೊಳ್ಳುತ್ತಿದೆ. ನಿನ್ನ ಅಪ್ಪ ಮದುವೆ ಮನೆಯಲ್ಲಿ ಮಾಡುತ್ತಾರಲ್ಲ, ಹಾಗೆ.”

ಅಪ್ಪ ಎಂದ ಕೂಡಲೇ ಅವಳ ಮುಖ ಸಪ್ಪಗಾಯಿತು. ಆಗ ವಿಷಯ ಹೊರಬಿತ್ತು. ಪರೀಕ್ಷೆಯ ಹಿಂದಿನ ದಿನ ಅಪ್ಪ ಹತ್ತಿರ ಕೂತು ಬುದ್ಧಿ ಹೇಳಿದ್ದರಂತೆ. ವಿಮಾ ಕಚೇರಿಯ ಬಡ್ತಿ ಪರೀಕ್ಷೆಗಳನ್ನೆಲ್ಲ ಅವರು ಗೆದ್ದದ್ದು ಒಂದೇ ಸೂತ್ರದಿಂದ: ಪ್ರಶ್ನೆಯಲ್ಲಿ ಕೊಟ್ಟ ಯಾವ ಅಂಕಿಯೂ ವ್ಯರ್ಥವಲ್ಲ, ಉತ್ತರದಲ್ಲಿ ಅದು ಸೇರದಿದ್ದರೆ ನಿನ್ನ ಉತ್ತರ ತಪ್ಪು. “ಅವ್ರಿಗೇನು ಹುಚ್ಚಾ, ಸುಮ್ನೆ ಒಂದು ಗೋಡೆ ಬರೆದು, ಸಂದು ಇಷ್ಟು ಅಂತ ಅಳತೆ ಕೊಡೋಕೆ? ಕೊಟ್ಟಿದಾರೆ ಅಂದ್ರೆ ಮುಟ್ಟತ್ತೆ ಅಂತಲೇ ಅರ್ಥ. ನಿಮ್ಮ ಮಾಮಾ ಹಾಗೆಯೇ, ತಲೆಬಾಗಿಲು ತೆರೆದಿದ್ದರೂ ಮೊದಲು ಗೋಡೆ ಅಳೀತಾರೆ” ಎಂದಿದ್ದರಂತೆ. ಪರೀಕ್ಷೆಯ ಹಾಲಿನಲ್ಲಿ ಸರಿಯಾದ ಉತ್ತರ ಕೈಯಲ್ಲಿದ್ದಾಗ ಈ ಮಾತು ನೆನಪಾಗಿದೆ. ಸಂದಿನ ಅಳತೆ ಎಲ್ಲೂ ಸೇರಲಿಲ್ಲವಲ್ಲ ಎಂದು ಹೆದರಿ, ಹೊಡೆದುಹಾಕಿ, ಮೊದಲಿನಿಂದ ಮಾಡಿದ್ದಾಳೆ. ಆ ಗಡಿಬಿಡಿ ಮುಂದಿನ ಪ್ರಶ್ನೆಗಳ ಹೊತ್ತನ್ನೆಲ್ಲ ತಿಂದುಹಾಕಿದೆ.

ನಾನು ಎದ್ದು ಅಂಗಿ ಹಾಕಿಕೊಂಡೆ. ರಾಯಪುರಂನ ಬಸ್ಸಿಗೆ ಇನ್ನೂ ಹೊತ್ತಿತ್ತು.

“ಬೇಡ ಮಾಮಾ, ಅಪ್ಪಾಗೆ ಹೇಳ್ಬೇಡಿ. ಪಾವಂ ಅವರು, ಪಾಪ. ತನ್ನಿಂದ ಹೀಗಾಯ್ತು ಅಂತ ತಿಳಿದ್ರೆ ಊಟ ಬಿಟ್ಟುಬಿಡ್ತಾರೆ.”

“ನಾನು ಊಟ ಬಿಟ್ಟರೆ ಪರವಾಗಿಲ್ಲವೇ?”

“ನಿಮಗೇನು ಮಾಮಾ? ನೀವು ಮೊದಲಿಂದ ಕೋಪದಲ್ಲೇ ಇರ್ತೀರಿ. ಇದೊಂದು ಜಾಸ್ತಿ ಆದ್ರೆ ಯಾರಿಗೂ ಗೊತ್ತಾಗಲ್ಲ.”

ತರ್ಕ ದೃಢವಾಗಿತ್ತು. ಅಂಗಿ ಬಿಚ್ಚಿ ಮೊಳೆಗೆ ಹಾಕಿದೆ. ಕೂತು ಮತ್ತೆ ಪಾಠ ಶುರುಮಾಡಿದೆವು. ಹೆಂಡತಿ ತಾನಾಗಿಯೇ ಜಾಡಿ ತಂದು ಮೇಜಿನ ಮೇಲಿಟ್ಟಳು. ಆ ಕೆಮ್ಮಿಗೆ ಅದು ಪ್ರಾಯಶ್ಚಿತ್ತವಿರಬೇಕು.

ಮುಂದಿನ ಸಲ ಹುಡುಗಿ ಒಳ್ಳೆಯ ಅಂಕಗಳೊಂದಿಗೆ ಪಾಸಾದಳು. ಸಿಹಿ ಹಂಚಲು ಬಂದ ಅವಳಪ್ಪ ನನ್ನ ಕೈಗೆ ಮೈಸೂರುಪಾಕು ಕೊಟ್ಟು, “ಈ ಸಲ ನಾನೇ ಪಕ್ಕದಲ್ಲಿ ಕೂತು ಓದಿಸಿದೆ ಭಾವ. ನಿಮ್ಮ ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ” ಎಂದರು. ಮೈಸೂರುಪಾಕು ಗಟ್ಟಿಯಾಗಿತ್ತು, ಅಗಿಯುವವರೆಗೆ ಬಾಯಿ ತೆರೆಯಲಾಗದಷ್ಟು. ಅದು ಅವರ ಅದೃಷ್ಟ.

ವರ್ಷಗಳು ಕಳೆದವು. ಹುಡುಗಿಗೆ ಮದುವೆಯಾಯಿತು, ಅವಳೇ ಒಂದು ಕಾಲೇಜಿನಲ್ಲಿ ಅಧ್ಯಾಪಕಿಯಾದಳು. ನಾನು ಗೋಡೆ ಮಾಮಾ ಆಗಿಯೇ ಉಳಿದೆ. ಆ ಹೆಸರು ಹೊಸ ತಲೆಮಾರಿಗೂ ಇಳಿದು, ಮಾತು ಬಾರದ ಕೂಸುಗಳು ಕೂಡ ನನ್ನನ್ನು ಕಂಡರೆ ಗೋಡೆಯ ಕಡೆ ಬೆರಳು ತೋರಿಸುವಂತಾಯಿತು.

ಎರಡು ಸಾವಿರದ ದಶಕದ ಕೊನೆಯ ಭಾಗದಲ್ಲಿ ತಂಗಿಯ ಗಂಡ ಒಂದು ಫ್ಲ್ಯಾಟ್ ಕೊಂಡರು. ಗೃಹಪ್ರವೇಶದ ಊಟಕ್ಕೆ ಕೂತಾಗ ಎಲ್ಲರಿಗೂ ಕೇಳುವಂತೆ, “ಭಾವ, ಗೋಡೆಗಳನ್ನೆಲ್ಲ ಒಂದು ಸಲ ನೋಡ್ಬಿಡಿ. ನೀವು ಮುಟ್ಟಬಹುದು ಅಂದ್ಮೇಲೆ ನಾವು ಒರಗ್ತೀವಿ” ಎಂದರು. ಸಾಲು ಸಾಲೇ ನಕ್ಕಿತು. ಹುಡುಗಿಯ ಗಂಡ ಸಜ್ಜನ. ಆ ಹೆಸರು ಹೇಗೆ ಬಂತು ಎಂದು ಮೆಲ್ಲಗೆ ಅವಳನ್ನು ಕೇಳಿದ.

ಅವಳು ಕೈಯಲ್ಲಿದ್ದ ಪಲ್ಯದ ಪಾತ್ರೆಯನ್ನು ಕೆಳಗಿಟ್ಟು, ಅಪ್ಪನ ಎದುರು ನಿಂತು, ನಾನು ಎಂದೂ ಅವಳ ಬಾಯಲ್ಲಿ ಕೇಳದಷ್ಟು ಉದ್ದದ ಕನ್ನಡದಲ್ಲಿ ಎಲ್ಲವನ್ನೂ ಹೇಳಿದಳು. ಹೊಡೆದುಹಾಕಿದ ಉತ್ತರ, ಅದಕ್ಕೆ ಕಾರಣವಾದ ಬುದ್ಧಿಮಾತು, ಹೋಳಿಗೆಗೆ ಕರೆಯುವ ಗೋಡೆ. “ನನ್ನ ಸ್ಟೂಡೆಂಟ್ಸಿಗೆ ಇವತ್ತಿಗೂ ಮಾಮಾ ಹೇಳಿದ ಹಾಗೇ ಹೇಳ್ಕೊಡೋದು ಅಪ್ಪಾ. ಅವರು ಅವತ್ತು ಹೇಳಿದ್ದೇ ಸರಿ.”

ಇಷ್ಟು ವರ್ಷ ಕಾದ ಗಳಿಗೆ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ. ತಂಗಿಯ ಗಂಡ ಎಲೆಯನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ನನ್ನ ಕಡೆ ತಿರುಗಿದರು.

“ಅಲ್ಲ ಭಾವ, ಇದೆಲ್ಲ ಗೊತ್ತಿದ್ದೂ ಗೋಡೆ ಥರ ಸುಮ್ನೆ ಇದ್ರಲ್ಲ? ಅವತ್ತೇ ಒಂದು ಮಾತು ಹೇಳಬಾರದಿತ್ತಾ?”

“ಹೌದಲ್ವಾ!” ಎಂದಳು ತಂಗಿ. “ಹೌದು ಹೌದು” ಎಂದಿತು ಸಾಲು. ನಗು ಮೊದಲಿಗಿಂತ ಜೋರಾಗಿ ಮರಳಿ ಬಂತು. ಈ ಸಲ ನನ್ನ ಹೆಂಡತಿ ಕೆಮ್ಮಿನ ನೆವವನ್ನೂ ಹೇಳಲಿಲ್ಲ. ಹುಡುಗಿ ಮಾತ್ರ ಬಂದು, ನಾನು ಕೇಳದೆಯೇ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಬಿಟ್ಟಳು. ತಿಂದೆ. ಹಾಗೆಂದು ಮರೆತಿಲ್ಲ.

ಅಂದು ಬಿಸಿಬೇಳೆಭಾತಿನ ಮುಂದೆ ಕೂತು ತೀರ್ಪು ಕೊಟ್ಟವರೇ, ಹೋಳಿಗೆಯ ಮುಂದೆ ಕೂತು ಅದನ್ನೇ ಎತ್ತಿ ಹಿಡಿದವರೇ, ನಿಮ್ಮೆಲ್ಲರಿಗೂ ನನ್ನದು ಒಂದೇ ಪ್ರಶ್ನೆ. ತಪ್ಪಿನ ಭಾರವನ್ನೆಲ್ಲ ತಂದು ನನಗೆ ಒರಗಿಸಿದಿರಲ್ಲ, ಅದಕ್ಕೆ ಮೊದಲು, ಸರಳು ಈ ಗೋಡೆಯನ್ನು ಮುಟ್ಟುತ್ತದೆಯೇ ಎಂದು ನಿಮ್ಮಲ್ಲಿ ಒಬ್ಬರಾದರೂ ನೋಡಿದಿರಾ?