ಹಳದಿ ನಿಲ್ಲದ ಅಂಗಳ

ರಾಮದುರ್ಗದ ನಮ್ಮ ಮನೆಯ ಅಂಗಳದಲ್ಲಿ, ಕಂಪೌಂಡ್ ಗೋಡೆಯ ಉದ್ದಕ್ಕೂ, ಫೋನಿನಿಂದ ಬಣ್ಣ ಬದಲಿಸುವ ದೀಪಗಳನ್ನು ಹಾಕಿಸಿದ್ದು ನಾನೇ. ಹಾಕಿಸಲು ಹೇಳಿದ್ದು ಹೆಂಡತಿ ಎಂದು ನನ್ನ ನೆನಪು, ಆಕೆ ಒಪ್ಪುವುದಿಲ್ಲ. ಮೊದಮೊದಲು ಅವು ತಮಗೆ ತೋಚಿದಂತೆ ಕೆಂಪು, ನೀಲಿ, ಹಸಿರು ಎಂದು ಕುಣಿದವು. ಒಂದು ಸಂಜೆ ಯಾರೋ ಇಬ್ಬರು ಬೈಕ್ ನಿಲ್ಲಿಸಿ ಸೀದಾ ಒಳಗೆ ಬಂದು, ಬೇವಿನ ಮರದ ಕೆಳಗಿನ ಕುರ್ಚಿಗಳಲ್ಲಿ ಕುಳಿತು, "ಕಾಕಾ, ರೊಟ್ಟಿ ಊಟ ಐತೇನ್ರಿ?" ಎಂದರು. ಢಾಬಾ ಎಂದುಕೊಂಡಿದ್ದರು. ನೀರು ಕೊಟ್ಟು ಕಳಿಸಿದೆ.

"ಇನ್ನ ಮುಂದ ಒಂದ ಬಣ್ಣ, ಹಳದಿ," ಎಂದು ಹೆಂಡತಿ ತೀರ್ಪು ಕೊಟ್ಟಳು. "ಮಿಸುಕಬಾರದು."

ಸಂಜೆ ಆಕೆ ಬಸ್ ಸ್ಟ್ಯಾಂಡ್ ಹತ್ತಿರ ಟ್ಯೂಷನ್ ಹೇಳಲು ಹೋಗುತ್ತಾಳೆ. ನಾನು ಮಲಪ್ರಭೆಯ ಸೇತುವೆಯವರೆಗೆ ಅಡ್ಡಾಡಿ ಬರುತ್ತೇನೆ. ಹೊರಡುವ ಮುನ್ನ ಫೋನಿನಲ್ಲಿ ಹಳದಿ ಒತ್ತಿ, ಗೋಡೆಯ ಉದ್ದಕ್ಕೂ ಕಣ್ಣು ಹಾಯಿಸಿಯೇ ಗೇಟು ಹಾಕುತ್ತಿದ್ದೆ. ತಿರುಗಿ ಬಂದರೆ ಅಂಗಳವೆಲ್ಲ ಹಸಿರು.

ಯಾವುದನ್ನೂ ಪರೀಕ್ಷಿಸದೆ ನಂಬಬಾರದೆಂದು ಧಾರವಾಡದಲ್ಲಿ ಓದುವಾಗ ಕಲಿತವನು ನಾನು. ಕರೆಂಟನ್ನು ಅನುಮಾನಿಸಿದೆ, ವೈಫೈಯನ್ನು ಅನುಮಾನಿಸಿದೆ, ದೀಪ ಮಾರಿದವನನ್ನಂತೂ ಮನಸಾರೆ ಅನುಮಾನಿಸಿದೆ. ಕಡೆಗೆ ಉಳಿದದ್ದು ನನ್ನ ತಲೆ.

ಅಂಗಳದ ತುಳಸಿಯೆದುರಿನ ಕಟ್ಟೆಯ ಮೇಲೆ ಹೂಬತ್ತಿ ಹೊಸೆಯುತ್ತ ಕುಳಿತ ಅವ್ವನನ್ನು ಕೇಳಿದರೆ, "ನೀನ ಒತ್ತಿರಬೇಕೋ ತಮ್ಮಾ. ನಿಮ್ಮಪ್ಪನೂ ಹಿಂಗ, ಚಷ್ಮಾ ಹಣಿ ಮ್ಯಾಲ ಇಟ್ಕೊಂಡು ಮನಿಯೆಲ್ಲ ಹುಡುಕತಿದ್ರು," ಎನ್ನುತ್ತಿದ್ದಳು.

ಅಪ್ಪ ಕಡೆಗಾಲದಲ್ಲಿ ನನ್ನ ಹೆಸರನ್ನೇ ಮರೆತಿದ್ದರು. ಹಾಗಾಗಿ ಈ ಮಾತಿಗೆ ನನಗೆ ನಗು ಬರಲಿಲ್ಲ. ಹೆಂಡತಿಗೂ ಅಂಜಿಕೆ ಹತ್ತಿತು. "ಬೆಳಗಾವಿಗೆ ಹೋಗಿ ಮೆದುಳಿನ ಡಾಕ್ಟರಿಗೆ ತೋರಸೂಣು ನಡೀರಿ," ಎಂದಳು.

ಮರುದಿನ ಸೇತುವೆಯ ಹಾದಿಯಲ್ಲಿ ಹನಿ ಬಿದ್ದವು. ಕೊಡೆ ತರಲು ಅರ್ಧಕ್ಕೇ ಹಿಂದಿರುಗಿದೆ. ಗೇಟಿನ ಹತ್ತಿರ ಬರುತ್ತಿದ್ದಂತೆ, ನನ್ನ ಕಣ್ಣೆದುರೇ ಹಳದಿ ಅಂಗಳ ಹಸಿರಾಯಿತು. ದೀಪಗಳ ಜೊತೆಗೇ ಒಂದು ರಿಮೋಟೂ ಬಂದಿತ್ತು. ಅದನ್ನು ನಾನು ಮರೆತೇಬಿಟ್ಟಿದ್ದೆ. ಅವ್ವ ಅದನ್ನು ಹೂಬತ್ತಿಯ ಡಬ್ಬಿಯಿಂದ ತೆಗೆದು ಗೋಡೆಯತ್ತ ಹಿಡಿದಿದ್ದಳು. ಎದುರು ಮನೆಯ ಕಾಕು ಸೆರಗಿನಡಿ ತಾಟು ಮುಚ್ಚಿಕೊಂಡು ರಸ್ತೆ ದಾಟುತ್ತಿದ್ದರು. ತಾಟಿನಲ್ಲಿ ಬಿಸಿಬಿಸಿ ಉಳ್ಳಾಗಡ್ಡಿ ಭಜಿ.

ನಮ್ಮದು ಪೂಜೆ ಪುನಸ್ಕಾರದ ಮನೆತನ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹೊಸ್ತಿಲು ದಾಟುವುದಿಲ್ಲ. ಅದರಲ್ಲೂ ಆಗ ಚಾತುರ್ಮಾಸ. ಈ ಕಾನೂನು ನಡೆಸುವವಳು ಅವ್ವನೇ. ಒಮ್ಮೆ ಪೇಟೆಯಲ್ಲಿ ಉಳ್ಳಾಗಡ್ಡಿ ಹಾಕಿದ ಗಿರ್ಮಿಟ್ ತಿಂದು ಬಂದ ಸೊಸೆ ಆಕೆಯಿಂದ ಕೇಳಿದ ಮಾತು ಇನ್ನೂ ಗೋಡೆಗಳಿಗೆ ಅಂಟಿಕೊಂಡಿದೆ.

"ಹಸಿರ ಇದ್ರ ಸೊಸಿ ಇಲ್ಲ, ಬಾ ಅಂತ," ಎಂದು ಕಾಕುವೇ ಬಿಡಿಸಿ ಹೇಳಿದರು. "ತಿಂದ ಮ್ಯಾಲ ಹಳದಿ ಮಾಡೂದು ನಿಮ್ಮವ್ವಗ ನೆನಪ ಹಾರತದ."

"ನನಗ ಮರವು ಹತ್ತೇದ ಅಂತ ನಾ ಹೆದರಿ ಸಾಯಾಕ ಹತ್ತೇನಿ, ಅವ್ವಾ!"

"ಅಕಿ ಮುಂದ ಹೇಳಬ್ಯಾಡೋ," ಎಂದು ಅವ್ವ ನನ್ನ ಕೈಗೊಂದು ಭಜಿ ತುರುಕಿದಳು. ತಿಂದೆ. ಅಲ್ಲಿಗೆ ಸಾಕ್ಷಿ ಹೇಳಬೇಕಾದವನು ಪಾಲುದಾರನಾದ.

ಹೆಂಡತಿ ಬಂದಾಗ ತಪ್ಪನ್ನೆಲ್ಲ ನನ್ನ ಮೇಲೆ ಎಳೆದುಕೊಂಡೆ. "ರಿಮೋಟ್ ನನ್ನ ಅಂಗಿ ಕಿಸೇದಾಗ ಇತ್ತು. ಹೊರಡೂ ಮುಂದ ಒತ್ತಿಕೊಂಡಿರಬೇಕು," ಎಂದೆ. ಡಾಕ್ಟರ ಹತ್ತಿರ ಹೋಗುವುದು ತಪ್ಪಿತೆಂದು ಉಸಿರು ಬಿಡುವಷ್ಟರಲ್ಲಿ ಆಕೆಯ ಮುಖ ಇನ್ನಷ್ಟು ಇಳಿಯಿತು.

"ಕಿಸೇದಾಗ ಇಟ್ಕೊಂಡು ಇಷ್ಟ ದಿನಾ ಮರತಿದ್ರಿ? ನಾಳೇನ ಹೋಗೂಣು."

ತಾನೂ ಬರುತ್ತೇನೆಂದು ಅವ್ವ ಹಟ ಹಿಡಿದಳು. ದಾರಿಯಲ್ಲಿ ಯರಗಟ್ಟಿ ದಾಟಿದರೂ ಆಕೆಯ ಕೈಯಲ್ಲಿ ಜಪಮಾಲೆ ಜೋರಾಗಿ ಓಡುತ್ತಲೇ ಇತ್ತು.

ಬೆಳಗಾವಿಯ ಡಾಕ್ಟರು, "ಮರವು ಹೆಂಗ ಶುರು ಆತ್ರಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ದೀಪದ ಕಥೆ ಹೇಳಿ ಮುಗಿಸಿದಳು. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದರು. ಅಪ್ಪನ ವಿಷಯ ಹೇಳಿದೆ. ಅವರು ತಲೆಯ ಸ್ಕ್ಯಾನ್ ಬರೆದುಕೊಡಲು ಪೆನ್ನು ತೆಗೆದರು.

"ಇವಗ ಏನೂ ಆಗಿಲ್ರಿ," ಎಂದು ಹಿಂದಿನ ಕುರ್ಚಿಯಿಂದ ಅವ್ವ ಎದ್ದು ನಿಂತಳು. "ಉಳ್ಳಾಗಡ್ಡಿ ಭಜಿ ತಿನ್ನಾಕಿ ನಾನ್ರಿ."

ಡಾಕ್ಟರು ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. "ಪೇಷಂಟ್ ಯಾರ್ರಿ?"

ಅವ್ವ ಹಸಿರು, ಕಾಕು, ರಿಮೋಟು ಎಲ್ಲವನ್ನೂ ಒದರಿದಳು. ಹೇಳುವಾಗ ಆಕೆ ಅಳುತ್ತಿದ್ದಳೆಂದು ನನ್ನ ನೆನಪು. ಅಳುವುದೆಲ್ಲಿ ಬಂತು, ಡಾಕ್ಟರಿಗೇ ದಬಾಯಿಸುತ್ತಿದ್ದರು ಎಂದು ಹೆಂಡತಿಯ ವಾದ. ಪೆನ್ನು ಕಿಸೆಗೆ ಹೋದದ್ದಂತೂ ಖರೆ.

ಹೆಂಡತಿ ನಿಧಾನವಾಗಿ ಹಿಂದೆ ತಿರುಗಿದಳು. "ಅತ್ತೀ, ಚಾತುರ್ಮಾಸದಾಗೂ ತಿಂದ್ರೇನು?"

"ಒಳಗ ತಂದಿಲ್ಲ ಬಿಡವಾ," ಎಂದಳು ಅವ್ವ. "ತುಳಸಿಗೆ ಬೆನ್ನ ಮಾಡಿ ತಿಂದೇನಿ."