ಜಗದೇವಿ ಅಕ್ಕನ ಕಟ್ಟೆ

ಜಗದೇವಿ ಅಕ್ಕ ಯಾವ ಕಟ್ಟಡಕ್ಕೆ ಹೋದರೂ ಸೀದಾ ಒಳಗೆ ಹೋದವರಲ್ಲ. ಮೊದಲು ಬಾಗಿಲ ಹೊರಗೆ ಕೂರಲು ಜಾಗ ಹುಡುಕುತ್ತಿದ್ದರು. ಕಟ್ಟೆಯೋ ಮೆಟ್ಟಿಲೋ ಸಿಕ್ಕರೆ, ಉಟ್ಟದ್ದು ರೇಷ್ಮೆ ಸೀರೆಯೇ ಆಗಿರಲಿ, ಧೂಳು ಕೊಡವಿ ಕೂತುಬಿಡುವರು. "ನೀ ನಡಿ ತಮ್ಮಾ, ನಾ ಒಂದ್ ಗಳಿಗಿ ಕುಂತು ಬರ್ತೀನಿ." ಜಾಗ ಸಿಗದಿದ್ದರೆ ಆ ಕಟ್ಟಡದ ಕಥೆ ಅಲ್ಲಿಗೇ ಮುಗಿಯಿತು. ಹೈದರಾಬಾದಿನಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ನೋಡನೋಡುತ್ತಿದ್ದಂತೆ ಮೇಲೇಳುತ್ತಿದ್ದ ಕಾಲ ಅದು. "ಇಲ್ಲಿ ಕುಂದರಬೇಕಂದ್ರ ಕೊರಳಾಗ ಬ್ಯಾಡ್ಜ್ ಇರಬೇಕ ನೋಡು" ಎಂದು ಅಕ್ಕ ಮೂಗು ಮುರಿಯುತ್ತಿದ್ದರು.

ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದಿ ಬಂದ ನಾನು ಕೆಲಸಕ್ಕೆ ಸೇರಿದ್ದು ಹೈದರಾಬಾದಿನ ಕಾಚಿಗೂಡದ ಒಂದು ಲಾಡ್ಜಿನ ಮಹಡಿಯಲ್ಲಿದ್ದ ಅಕ್ಕನ ಪುಟ್ಟ ಆಫೀಸಿಗೆ. ಮೊದಲ ದಿನ ಮೇಡಂ ಎಂದೆ. "ಮೇಡಂ ಗೀಡಂ ಬಿಡು. ಕನ್ನಡ ಮಾತಾಡಾಕ ಒಬ್ಬಾವ ಸಿಕ್ಕೀಯಂತ ಖುಷಿ ಆಗೇತಿ, ಅಕ್ಕಾ ಅನ್ನು." ಅವರ ಹಿರಿಯರು ಕಲಬುರಗಿ ಕಡೆಯವರು, ಅಕ್ಕ ಹುಟ್ಟಿದ್ದು ಈ ಊರಿನಲ್ಲೇ. ಮೇಸ್ತ್ರಿಯ ಜೊತೆ ತೆಲುಗು, ಚಹಾದವನ ಜೊತೆ ಹಿಂದಿ. ಬೈಗುಳ ಮಾತ್ರ ಯಾರಿಗಾದರೂ ಕನ್ನಡದಲ್ಲೇ. ನನ್ನ ಮಾತನ್ನು ಕೇಳಿ ನಗುತ್ತಿದ್ದರು: "ನಿಮ್ಮ ಮೈಸೂರು ಕನ್ನಡ ಇಸ್ತ್ರಿ ಮಾಡಿಟ್ಟಂಗ ಐತೋ ತಮ್ಮಾ. ಎಲ್ಲಿ ಮಡಿಕಿ ಬೀಳತೈತೋ ಅಂತ ಕುಂದರಾಕ ಹೆದರತೈತಿ."

ಅದುವರೆಗೆ ಅಕ್ಕನ ಕೈಗೆ ಬರುತ್ತಿದ್ದದ್ದು ಮಹಡಿ ಏರಿಸುವ, ಕಾಂಪೌಂಡ್ ಕಟ್ಟುವ ಕೆಲಸಗಳು. ಒಮ್ಮೆ ಊರ ಹೊರಗಿನ ರೆಸಾರ್ಟ್ ಒಂದರ ಹೆಬ್ಬಾಗಿಲು ಮಾಡಿಕೊಡುವ ಕೆಲಸ ಬಂತು. ಮಾಲೀಕರಿಗೆ ಕಲ್ಲಾನೆ, ಕಾರಂಜಿ ಎಲ್ಲ ಬೇಕಿತ್ತು. ಅಕ್ಕ ಅವರನ್ನು ಹಳೇ ಊರಿಗೆ ಕರೆದೊಯ್ದು ದೇವಡಿಗಳನ್ನು, ಅಂದರೆ ಹಿಂದಿನ ಸಿರಿವಂತರ ದೊಡ್ಡ ಮನೆಗಳನ್ನು ತೋರಿಸಿದರು. ಮಾಲೀಕರು ಕಮಾನಿಗೆ ಮರುಳಾದರು. ಅಕ್ಕನ ಕಣ್ಣಿದ್ದದ್ದು ಬಾಗಿಲ ಹೊರಗೆ ಎರಡೂ ಬದಿಗಿದ್ದ ಕಲ್ಲುಕಟ್ಟೆಗಳ ಮೇಲೆ. ನಕ್ಷೆಯಲ್ಲಿ ಅವನ್ನು ಕಂಡ ಮಾಲೀಕರು, ಡ್ರೈವರುಗಳೆಲ್ಲ ಬಂದು ಇಲ್ಲಿ ಕೂತುಬಿಟ್ಟರೆ ಎಂದು ಕೇಳಿದರು. ಕೂರಲಿ ಎಂದೇ ಬರೆದಿದ್ದೇನೆ ಎಂದರು ಅಕ್ಕ. ಅವರು ಅದನ್ನು ತಮಾಷೆ ಎಂದುಕೊಂಡು ಸಹಿ ಹಾಕಿದರು.

ಉದ್ಘಾಟನೆಯ ದಿನ ಉರಿಬಿಸಿಲು. ಅತಿಥಿಗಳನ್ನು ಇಳಿಸಿ ನೆರಳಿಗೆ ಬಂದು ಕಟ್ಟೆಯ ಮೇಲೆ ಕೂತ ಡ್ರೈವರುಗಳನ್ನು ಕಾವಲಿನವನು ಎಬ್ಬಿಸಿ ಪಾರ್ಕಿಂಗಿಗೆ ಅಟ್ಟಿದ. ಅಕ್ಕ ನೋಡಿದರು. ಬರಿದಾದ ಕಟ್ಟೆಯ ಮೇಲೆ ಹೋಗಿ ಕೂತರು. ಒಳಗೆ ದೀಪ ಹಚ್ಚಲು ಅವರನ್ನೇ ಕಾಯುತ್ತಿದ್ದಾರೆ. "ಏಳಿ ಅಕ್ಕಾ" ಎಂದು ಗೋಗರೆದೆ. "ಆ ಮಂದಿ ಬಂದು ಕುಂದರಲಿ, ಏಳ್ತೀನಿ."

ಕೊನೆಗೆ ಮಾಲೀಕರೇ ಬಂದರು, ಮುಖ ಸಿಂಡರಿಸಿಕೊಂಡು. ಅಕ್ಕ ಅವರೊಡನೆ ತೆಲುಗಿನಲ್ಲಿ ಮೆಲ್ಲಗೆ ಏನೋ ಹೇಳಿದರು. ಅದನ್ನೇ ಆಮೇಲೆ ನನಗೆ ಕನ್ನಡದಲ್ಲಿ ಹೇಳಿದರು: "ನಮ್ಮಪ್ಪ ಬೇಗಂ ಬಜಾರಿನ ಸೇಠಜಿ ಕಾರ್ ನಡಸತಿದ್ದ. ಸೇಠಜಿ ದೇವಡಿ ಒಳಗ ಹೋದ್ರ, ಅಪ್ಪ ಹೊರಗ ಕಟ್ಟಿ ಮ್ಯಾಲೆ. ನಾನೂ ಎಷ್ಟೋ ಸಲ ಅವನ ಬಾಜೂಕ ಕುಂತೀನಿ. ಆ ಮನಿಯವರು ಅಪ್ಪನ್ನ ಒಳಗ ಕರೀಲಿಲ್ಲ, ಖರೇ. ಆದ್ರ ಬಿಸಲಾಗ ನಿಲ್ಲಸಲಿಲ್ಲ."

ಮಾಲೀಕರು ಡ್ರೈವರುಗಳನ್ನು ಕರೆಸಿದರು. ಮನಸ್ಸಿಲ್ಲದ ಮನಸ್ಸಿನಿಂದಲೇ, ಆದರೂ ಕರೆಸಿದರು. ಅಕ್ಕ ಎದ್ದು ಒಳಗೆ ಹೋಗಿ ದೀಪ ಹಚ್ಚಿದರು.

ಸ್ವಲ್ಪ ದಿನಕ್ಕೇ ಕಟ್ಟೆಗಳ ಉದ್ದಕ್ಕೂ ಹೂಕುಂಡಗಳು ಬಂದು ಕೂತವು. ನಾನು ಸಿಟ್ಟಿನಿಂದ ಬಂದು ಹೇಳಿದರೆ ಅಕ್ಕ ಚಹಾದ ಬಸಿಯಿಂದ ತಲೆ ಎತ್ತಲಿಲ್ಲ. "ಇಡಲಿ ಬಿಡು. ಕುಂಡ ಇವತ್ತ ಇಡತಾರ, ನಾಳೆ ಸರಸತಾರ. ಕಟ್ಟಿ ಕೀಳಾಕ ಬರೂದಿಲ್ಲ. ಕಮಾನು ಅದರ ಮ್ಯಾಲೇ ನಿಂತೈತಿ, ನಾ ಹಂಗ ಕಟ್ಟಸೀನಿ." ಆಮೇಲೆ ನಕ್ಕರು ನೋಡಿ, ಕಳ್ಳನಗೆ.

ಅಕ್ಕ ಹೋಗಿ ಬಹಳ ವರ್ಷಗಳಾದವು. ಲಾಡ್ಜಿನ ಮಹಡಿಯಲ್ಲಿ ಈಗ ಯಾವುದೋ ಟ್ಯೂಷನ್ ನಡೆಯುತ್ತದೆ. ಮೊನ್ನೆ ಗೆಳೆಯನ ಮಗಳ ಮದುವೆ ಅದೇ ರೆಸಾರ್ಟಿನಲ್ಲಿತ್ತು. ಕಾರು ಇಳಿದವನು ಬಾಗಿಲಲ್ಲೇ ನಿಂತೆ. ಕುಂಡಗಳನ್ನೆಲ್ಲ ಯಾರೋ ಕಟ್ಟೆಯ ಒಂದು ಕೊನೆಗೆ ಸರಿಸಿದ್ದರು. ಒಬ್ಬ ಡ್ರೈವರ್ ಟವೆಲ್ ಮುಖಕ್ಕೆ ಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದ, ಇನ್ನೊಬ್ಬ ಕಾವಲಿನವನ ಜೊತೆ ಬುತ್ತಿ ಹಂಚಿಕೊಂಡು ಉಣ್ಣುತ್ತಿದ್ದ. ಅಕ್ಕ ಇರಬೇಕಿತ್ತು.

ಉಣ್ಣುತ್ತಿದ್ದವನು ನನ್ನನ್ನು ಕಂಡು ಡಬ್ಬಿ ಸರಿಸಿ ಜಾಗ ಮಾಡಿದ. "ಕೂರ್ಚೋಂಡಿ ಸಾರ್." ಕೂತೆ. ಕಲ್ಲು ತಣ್ಣಗಿತ್ತು. ಹೆಂಡತಿ ಒಳಗಿನಿಂದ ತಿರುಗಿ ನೋಡಿ, ಬನ್ನಿ ಎಂದು ಕೈಮಾಡಿದಳು.

"ನೀ ನಡಿ, ನಾ ಒಂದ್ ಗಳಿಗಿ ಕುಂತು ಬರ್ತೀನಿ" ಎಂದೆ. ನನ್ನ ಇಸ್ತ್ರಿ ಕನ್ನಡಕ್ಕೆ ಕೊನೆಗೂ ಮಡಿಕೆ ಬಿದ್ದಿತ್ತು.