ಭಾವನ ಲ್ಯಾಪ್‌ಟಾಪೂ ಹೂಮಳೆಯೂ

ಇವತ್ತು ಬೆಳಿಗ್ಗೆ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಹಳೆಯ ಸ್ವಿಚ್ ಬೋರ್ಡೊಂದು ಸುಟ್ಟುಹೋಯಿತು. ದೊಡ್ಡದೇನಲ್ಲ. ಚಟ್ ಎಂಬ ಸದ್ದು, ಒಂದೆಳೆ ಹೊಗೆ, ಪ್ಲಾಸ್ಟಿಕ್ ಕರಗಿದ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡು ಎಲೆಕ್ಟ್ರಿಷಿಯನ್ನನ್ನು ಕೂಗಿದರು. ನಾನು ಯಾವಾಗ ಎದ್ದೆನೋ, ಹೇಗೆ ಮೆಟ್ಟಿಲಿಳಿದೆನೋ ಗೊತ್ತಿಲ್ಲ. ಎಚ್ಚರವಾದಾಗ ಅಂಗಳದ ನಡುವೆ ನಿಂತಿದ್ದೆ. ಎಂ.ಎ. ಮುಗಿಸಿ, ಮಕ್ಕಳಿಗೆ 'ಗಾಬರಿಯಾಗಬೇಡಿ' ಎಂದು ಬುದ್ಧಿ ಹೇಳುವ ಮನುಷ್ಯ!

ನೀವೂ ನಗಬಹುದು, ಅಡ್ಡಿಯಿಲ್ಲ. ಆದರೆ ನಗುವ ಮೊದಲು ನನ್ನ ಭಾವನ ವಿಷಯ ಕೇಳಿ.

ಅಕ್ಕನನ್ನು ಕೊಟ್ಟಿರುವುದು ಶನಿವಾರಸಂತೆಯ ಹತ್ತಿರದ ಹಳ್ಳಿಗೆ. ಭಾವನಿಗೆ ಒಂದಿಷ್ಟು ಕಾಫಿ, ತೋಟದ ನೆರಳಿಗೆ ನೆಟ್ಟ ಸಿಲ್ವರ್ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಮತ್ತು ಒಂದು ಸಿದ್ಧಾಂತ ಇವೆ. ಯಾವ ವಸ್ತುವೂ ಸಾಯುವುದಿಲ್ಲ ಎಂಬುದೇ ಆ ಸಿದ್ಧಾಂತ. ಹಿರಿಯರು ಆತ್ಮದ ಬಗ್ಗೆ ಹೇಳಿದ್ದನ್ನು ಭಾವ ಮಿಕ್ಸಿಗೆ ಅನ್ವಯಿಸಿದ್ದಾರೆ, ಅಷ್ಟೇ. ಆ ಮಿಕ್ಸಿಯನ್ನು ಒಬ್ಬರು ಅದುಮಿ ಹಿಡಿದುಕೊಂಡರೆ ಇನ್ನೊಬ್ಬರು ಚಟ್ನಿ ರುಬ್ಬಬಹುದು. ಅವರ ಸ್ಕೂಟರನ್ನು ಇಳಿಜಾರಿನಲ್ಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮತ್ತೆ ಹೊರಡುವುದಿಲ್ಲ. ಹಾಗಾಗಿ ಭಾವ ಯಾರ ಮನೆಗೆ ಹೋಗುತ್ತಾರೆ, ಯಾರ ಮನೆಗೆ ಹೋಗುವುದಿಲ್ಲ ಎಂಬುದನ್ನು ನೆಂಟಸ್ತನಕ್ಕಿಂತ ಹೆಚ್ಚಾಗಿ ಆ ಮನೆಯ ಮುಂದಿನ ರಸ್ತೆಯೇ ತೀರ್ಮಾನಿಸುತ್ತದೆ.

ಲ್ಯಾಪ್‌ಟಾಪು ಈ ಸಂಸಾರಕ್ಕೆ ಬಂದದ್ದು ಕಕ್ಕಬೆಯ ಒಂದು ಹೋಂಸ್ಟೇಯಿಂದ. ಅವರು ಹೊಸದು ಕೊಂಡು ಹಳೆಯದನ್ನು ಮೂಲೆಗೆ ಹಾಕಿದ್ದರು. ಭಾವ ಎರಡು ಬಾಳೆಗೊನೆ ಕೊಟ್ಟು ಎತ್ತಿಕೊಂಡು ಬಂದರು. ರುಬ್ಬುವ ಕಲ್ಲಿನ ತೂಕ. ಬ್ಯಾಟರಿ ಎಣ್ಣೆಗೆ ಬಿದ್ದ ಪೂರಿಯಂತೆ ಊದಿಕೊಂಡಿದ್ದರಿಂದ ಅದನ್ನು ಕಿತ್ತೆಸೆದಿದ್ದರು. ಅಂದರೆ ಗೋಡೆಯ ಕರೆಂಟಿದ್ದರೆ ಜೀವ, ವೈರ್ ಕಿತ್ತರೆ ಶವ.

ಅದು ಬೇಕಾಗಿದ್ದುದು ಅಕ್ಕನಿಗೆ. ಅಕ್ಕ ವಚನಗಳನ್ನು ಚೆನ್ನಾಗಿ ಹಾಡುತ್ತಾಳೆ. ನೆಂಟರ ಹೆಣ್ಣುಮಕ್ಕಳು ಕೆಲವರು ಆನ್‌ಲೈನಿನಲ್ಲಿ ಕಲಿಯುತ್ತೇವೆ ಅಂದಿದ್ದರು. ಫೋನಿನಲ್ಲಿ ಅಷ್ಟೂ ಮುಖಗಳು ಸಾಸಿವೆ ಕಾಳಿನಂತೆ ಕಾಣುತ್ತಿದ್ದವು. ಯಾರು ಹಾಡುತ್ತಿದ್ದಾರೆ, ಯಾರು ಆಕಳಿಸುತ್ತಿದ್ದಾರೆ ತಿಳಿಯುತ್ತಿರಲಿಲ್ಲ. ಹಾಸನದಲ್ಲಿರುವ ಭಾವನ ತಮ್ಮ ತನ್ನ ಬಳಿ ಹೆಚ್ಚುವರಿಯಾಗಿದ್ದ ಒಳ್ಳೆಯ ಲ್ಯಾಪ್‌ಟಾಪನ್ನೇ ಕಳಿಸುತ್ತೇನೆ ಅಂದ.

"ಅವ್ನು ಬಳಸಿ ಬಿಟ್ಟಿದ್ದನ್ನ ನಾನ್ಯಾಕೆ ಇಸ್ಕೊಳ್ಲಿ?" ಅಂದರು ಭಾವ.

"ಇದೇನು ನಿಮ್ಗೋಸ್ಕರ ಹೊಸದಾಗಿ ಹೆತ್ತಿದ್ದಾ?" ಅಂದಳು ಅಕ್ಕ.

ಕುಶಾಲನಗರದ ಕಂಪ್ಯೂಟರ್ ಅಂಗಡಿಗೆ ನಾನೂ ಭಾವನೂ ಹೋದೆವು. ಅಂಗಡಿಯವರು ಕಣ್ಣೂರಿನ ಕಡೆಯವರು. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಸಾರೇ, ಇದಕ್ಕೆ ಹೊಸ ವಿಂಡೋಸ್ ಹಾಕಿದ್ರೆ ತಡೆಯಲ್ಲ. ಎದೆ ಒಡೀತದೆ. ಲಿನಕ್ಸ್ ಅಂತ ಒಂದುಂಟು, ಹಗುರ. ಇಲ್ಲೇ ಬಿಟ್ಟು ಹೋಗಿ, ಹಾಕಿ ಕೊಡ್ತೇನೆ" ಅಂದರು. ಭಾವ ಅದನ್ನು ಪೆನ್‌ಡ್ರೈವಿಗೆ ತುಂಬಿಸಿಕೊಂಡು ಎದ್ದೇಬಿಟ್ಟರು. "ನಮ್ಗೇನು ಕೈ ಇಲ್ವಾ? ಓದಿದ ಭಾವಮೈದ ಬೇರೆ ಇದಾನೆ." ನಾನು ಓದಿದ್ದು ಇತಿಹಾಸ. ಆ ಯಂತ್ರಕ್ಕೆ ಸರಿಯಾದ ವಿಷಯವೇ ಎಂದು ಆಮೇಲೆ ಅನ್ನಿಸಿತು.

ಮುಂದಿನ ಮೂರು ಭಾನುವಾರಗಳ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಮೊದಲ ವಾರ ಅದು ಪೆನ್‌ಡ್ರೈವನ್ನು ಗುರುತಿಸಲೇ ಇಲ್ಲ. ಆನ್ ಆಗುವಾಗ ಯಾವುದೋ ಕೀಲಿ ಒತ್ತಬೇಕು. ಆ ಕೀಲಿ ಕಿತ್ತುಹೋಗಿ ಅಲ್ಲೊಂದು ಗುಂಡಿಯಿತ್ತು. ಭಾವ ಅದಕ್ಕೆ ಅಕ್ಕನ ಹೇರ್‌ಪಿನ್ ಚುಚ್ಚಿ ಕೆಲಸ ಸಾಧಿಸಿದರು. ಎರಡನೆಯ ವಾರ ಅದರ ಗಡಿಯಾರ ಕೈಕೊಟ್ಟಿತು. ಒಳಗಿನ ಸಣ್ಣ ಸೆಲ್ ಸತ್ತಿದ್ದರಿಂದ, ಯಂತ್ರದ ಲೆಕ್ಕದಲ್ಲಿ ಭಾವನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಇಂಟರ್ನೆಟ್ಟು ಅಂಥವರ ಜೊತೆ ವ್ಯವಹಾರ ಮಾಡುವುದಿಲ್ಲವಂತೆ, ತಾರೀಖು ತಿದ್ದಿಕೊಟ್ಟೆ. ಅಕ್ಕ ಮಾತ್ರ, "ಹಂಗೇ ಬಿಡಬಾರ್ದಾಗಿತ್ತಾ" ಅಂದಳು. ಮೂರನೆಯ ವಾರ ಕಾದು ಕಾದು ತಾನೇ ಆರಿಹೋಯಿತು. ಬಿಚ್ಚಿ ನೋಡಿದರೆ ಒಳಗಿನ ಫ್ಯಾನಿನಲ್ಲಿ ಇರುವೆ ಗೂಡು. ಗೂಡು ತೆಗೆದು ಮತ್ತೆ ಶುರುಮಾಡಿದರೆ, ಅರ್ಧದಾರಿಯಲ್ಲಿ ಕರೆಂಟು ಹೋಯಿತು.

ಈಗ ಆ ಊರಿನ ಒಂದು ಪದ್ಧತಿ ಹೇಳಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆಗೆ ಎಲ್ಲರೂ ಆಕಾಶ ನೋಡಿಕೊಂಡು ಕೂತಿರುತ್ತಾರೆ. ಆ ಮಳೆ ಬರಿಗೈಲಿ ಬರುವುದಿಲ್ಲ, ಸಿಡಿಲು ತರುತ್ತದೆ. ಆದ್ದರಿಂದ ಮೊದಲ ಗುಡುಗು ಕೇಳಿದೊಡನೆ ಮನೆಮನೆಯಲ್ಲೂ ಯಾರಾದರೊಬ್ಬರು ಎದ್ದು ಟೀವಿ, ಫ್ರಿಜ್ಜು, ಪಂಪು, ಇಂಟರ್ನೆಟ್ ಪೆಟ್ಟಿಗೆ ಎಲ್ಲದರ ಪ್ಲಗ್ಗು ಕೀಳುತ್ತಾರೆ. ಬಾಗಿಲು ತಟ್ಟಿದರೆ ತೆಗೆಯುವಷ್ಟೇ ಸಹಜ ಅದು. ಅಕ್ಕನ ಮನೆಯಲ್ಲಿ ಆ ಕೆಲಸ ಅಷ್ಟು ವರ್ಷ ಭಾವನದೇ ಆಗಿತ್ತು.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಎಲ್ಲವೂ ಸುಸೂತ್ರವಾಗಿತ್ತು. ಯಂತ್ರಕ್ಕೆ ವೈಫೈ ಹಿಡಿಯದ್ದರಿಂದ ಮರದಿಂದ ಮರಕ್ಕೆ ಜೋತಾಡಿಕೊಂಡು ಬಂದ ಕೇಬಲ್ಲಿನ ಪೆಟ್ಟಿಗೆಯಿಂದ ಒಂದು ವೈರ್ ಎಳೆದು ಸಿಕ್ಕಿಸಿದ್ದೆವು. ತಣ್ಣಗಿರಲೆಂದು ಟೇಬಲ್ ಫ್ಯಾನು. ಎಲ್ಲವೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ, ಬಾಕ್ಸು ಭಾವನ ಕುರ್ಚಿಯ ಕೆಳಗೆ. ಪರದೆಯ ಮೇಲೆ ನೀಲಿ ಪಟ್ಟಿ ಬಸವನಹುಳುವಿನಂತೆ ಮುಂದಕ್ಕೆ ಹೋಗುತ್ತಿತ್ತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಏನೋ ಇತ್ತು.

"ಏನಂತಯ್ಯಾ ಅದು?"

"ಯಾವ ಕಾರಣಕ್ಕೂ ಆಫ್ ಮಾಡಬೇಡಿ ಅಂತಿದೆ ಭಾವ."

ಭಾವ ತಲೆಯಾಡಿಸಿದರು. ಸಕ್ಕರೆ ಬಿಡಿ ಎಂದ ಡಾಕ್ಟರ ಮಾತು ಕೇಳದವರು, ಪಂಚಾಯಿತಿಯ ಮಾತು ಕೇಳದವರು, ಹೆಂಡತಿಯ ಮಾತಂತೂ ಕಿವಿಗೇ ಬೀಳದವರು, ಬದುಕಿನಲ್ಲಿ ಮೊದಲ ಸಲ ಒಂದು ಅಪ್ಪಣೆಯನ್ನು ಶಿರಸಾವಹಿಸಿದರು. ಆಗಲೇ ಗುಡುಗಿತು.

ಅಕ್ಕ ಅಡುಗೆಮನೆಯಿಂದ ಬಂದು ಒಂದೊಂದೇ ಪ್ಲಗ್ಗು ಕೀಳುತ್ತಾ ಕುರ್ಚಿಯವರೆಗೆ ಬಂದಳು. "ಏಳ್ರಿ."

"ಇದೊಂದು ಬಿಡೇ. ಮುಗೀತಾ ಬಂತು."

"ಸಿಡಿಲು ಕಾಯತ್ತಾ ನಿಮ್ದು ಮುಗಿಯೋವರ್ಗೂ?"

"ದೂರ ಇದೆ ಅದು. ಸಕಲೇಶಪುರದ ಕಡೆ."

ಮೋಡ ಕೆಮ್ಮಿದರೆ ಮಾಯವಾಗುವ ಕರೆಂಟು ಅವತ್ತು ಮಾತ್ರ ಕಂಬದಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಸಕಲೇಶಪುರದ ಗುಡುಗು ನಮ್ಮ ತಲೆಯ ಮೇಲಿನದಾಯಿತು. ಕಿಟಕಿ ಗಾಜು ಅದುರಿತು. ಭಾವ ಎಡಗೈಯಲ್ಲಿ ಲ್ಯಾಪ್‌ಟಾಪಿನ ಸಡಿಲ ವೈರನ್ನು ಅದುಮಿ ಹಿಡಿದಿದ್ದರು, ಬಿಟ್ಟರೆ ಆರಿಹೋಗುತ್ತಿತ್ತು. ಕಾಲು ಬಾಕ್ಸಿನ ಮೇಲೆ. ನನ್ನ ಮೊಣಕೈ ಅದೇ ಮೇಜಿನ ಮೇಲೆ.

"ರೀ, ನಿಮ್ಗೆ ಕೈ ಮುಗೀತೀನಿ. ಬಿಡಿ ಅದನ್ನ." ಅಕ್ಕನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಸುಮ್ನಿರೇ. ಈಗ ಕಿತ್ರೆ ಮತ್ತೆ ಮೊದ್ಲಿಂದ."

ಅಕ್ಕ ಒಂದು ಕ್ಷಣ ಅವರ ಬೆನ್ನನ್ನೇ ನೋಡಿದಳು. ಆಮೇಲೆ ಕಿಟಕಿಯಾಚೆ ನೋಡಿದಳು. ಕಣದಲ್ಲಿ ಆ ವರ್ಷದ ಮೆಣಸು ಟಾರ್ಪಾಲಿನ ಮೇಲೆ ಒಣಗುತ್ತಿತ್ತು. "ನೀವು ಸಾಯೋದಾದ್ರೆ ಸಾಯಿರಿ! ಮೆಣಸು ನೆನೀತಾ ಇದೆ!" ಎಂದು ಕೂಗಿ ಹೊರಗೆ ಓಡಿದಳು.

ಹೆಂಡತಿ ಕೈ ಮುಗಿದರೂ ಏಳದ ಮನುಷ್ಯ ಮೆಣಸು ಅಂದೊಡನೆ ಎದ್ದರು. ಯೋಚಿಸಿ ಎದ್ದದ್ದಲ್ಲ, ಆ ಊರಿನಲ್ಲಿ ಹುಟ್ಟಿದವರ ಕಾಲಿಗೆ ಆ ಮಾತು ನೇರವಾಗಿ ಹೋಗಿ ಮುಟ್ಟುತ್ತದೆ, ತಲೆಯ ಒಪ್ಪಿಗೆ ಬೇಕಾಗುವುದಿಲ್ಲ. ಅವರ ಹಿಂದೆ ನಾನು. ದಪ್ಪ ಹನಿಗಳ ನಡುವೆ ಮೂವರೂ ಟಾರ್ಪಾಲಿನ ಮೂಲೆ ಹಿಡಿದು ದರದರ ಎಳೆದು ಜಗಲಿಗೆ ಸೇರಿಸಿದೆವು. ಸೇರಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಲೋಕವೆಲ್ಲ ಬೆಳ್ಳಗಾಯಿತು.

ಸದ್ದು ನನಗೆ ನೆನಪಿಲ್ಲ. ಕಿವಿ ತೆರೆದಾಗ ಗೇಟಿನ ಬಳಿಯ ಸಿಲ್ವರ್ ಮರದ ತೊಗಟೆ ಸೀಳಿಕೊಂಡು ಬಿದ್ದಿತ್ತು. ಒಳಗೆ ಹೊಗೆ. ಸ್ವಿಚ್ ಬೋರ್ಡು ಗೋಡೆ ಬಿಟ್ಟು ನಡುಮನೆಗೆ ಹಾರಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪಿನ ಎಡಭಾಗ ಕರಗಿ ಅಂಟಾಗಿತ್ತು. ಕೆಳಗೆ ಬಾಕ್ಸು ಇದ್ದ ಜಾಗದಲ್ಲಿ ಕಪ್ಪು ಮಸಿ, ಮೇಲೆ ಖಾಲಿ ಕುರ್ಚಿ.

ಭಾವ ಹೊಸ್ತಿಲಲ್ಲಿ ನಿಂತು ನೋಡಿದರು. ಆಮೇಲೆ ನನ್ನತ್ತ ತಿರುಗಿ ಕೇಳಿದರು: "ಎಷ್ಟು ಪರ್ಸೆಂಟ್ ಆಗಿತ್ತಯ್ಯಾ?"

ಈ ಕಥೆಯನ್ನು ನಾನು ಮದುವೆಮನೆಗಳಲ್ಲಿ, ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ ಹೇಳುತ್ತಲೇ ಬಂದಿದ್ದೇನೆ. ಯಾವಾಗಲೂ ಈ ಪ್ರಶ್ನೆಗೆ ನಿಲ್ಲಿಸುತ್ತೇನೆ; ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇವತ್ತು ಅಂಗಳದಿಂದ ಕರೆತಂದು ನೀರು ಕೊಟ್ಟ ಸಹೋದ್ಯೋಗಿಗಳಿಗೂ ಹಾಗೆಯೇ ಹೇಳಿದೆ, ಅವರೂ ನಕ್ಕರು. ನಿಮಗೆ ಮುಂದಿನದನ್ನೂ ಹೇಳಿಬಿಡುತ್ತೇನೆ. ಆ ಪ್ರಶ್ನೆ ಕೇಳುವಾಗಲೂ ಭಾವನ ಎಡಗೈ ಇಲ್ಲದ ವೈರನ್ನು ಅದುಮಿ ಹಿಡಿದಂತೆಯೇ ಮುಚ್ಚಿಕೊಂಡಿತ್ತು. ಅಕ್ಕ ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದುಕೊಂಡಳು, ಮಳೆ ನಿಲ್ಲುವವರೆಗೂ ಬಿಡಲಿಲ್ಲ. ಅವಳು ಮೆಣಸಿಗಾಗಿ ಕೂಗಿದಳೋ, ಗಂಡನನ್ನು ಎಬ್ಬಿಸಲು ಬೇರೆ ದಾರಿಯಿಲ್ಲವೆಂದು ಕೂಗಿದಳೋ, ನಾನು ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಸಂಜೆ ಮನೆಗೆ ಬಂದವನೇ ಅಕ್ಕನಿಗೆ ಫೋನ್ ಮಾಡಿದೆ. ಅವಳು ಆಗಷ್ಟೇ ಪಾಠ ಮುಗಿಸಿದ್ದಳು, ಹಾಸನದಿಂದ ಬಂದ ಲ್ಯಾಪ್‌ಟಾಪಿನಲ್ಲಿ.

"ಭಾವ ಏನ್ ಮಾಡ್ತಿದಾರೆ?"

"ಜಗಲಿಲಿ ಆ ಹಳೇದನ್ನ ಬಿಚ್ಕೊಂಡು ಕೂತಿದಾರೆ ಕಣೋ. ಒಳಗೆ ಒಂದು ಬೋರ್ಡ್ ಅಷ್ಟೇ ಹೋಗಿರೋದಂತೆ. ಸಂತೆಯಿಂದ ಯಾವ್ದೋ ಚಾರ್ಜರ್ ಬೇರೆ ತಂದಿದಾರೆ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಇವತ್ತು ನಗು ಬರಲಿಲ್ಲ. "ಅಕ್ಕಾ, ಆ ಚಾರ್ಜರ್ ಎಲ್ಲಿದೆ ಈಗ?"

"ಬೀರುನಲ್ಲಿ. ನನ್ ಸೀರೆ ಕೆಳಗೆ. ಬೀಗ ಹಾಕಿದೀನಿ."

"ಬೀಗದ ಕೈ?"

"ಕೇಳ್ದೋರಿಗೆಲ್ಲ ಹೇಳ್ತಾರೇನೋ ಅದನ್ನ?" ಅಂದಳು ಅಕ್ಕ.